ಮುಖಪುಟದ ಅಗಳಿ

ನನ್ನ ಮೊದಲ ಕಾದಂಬರಿಯ ಮುಖಪುಟಕ್ಕೆ ಎಂಥ ಚಿತ್ರ ಬೇಕೆಂದು ಒಂದು ಹಾಳೆಯ ತುಂಬ ಬರೆದುಕೊಟ್ಟಿದ್ದೆ. ಮುದುಕಿಯೊಬ್ಬಳು ಬೀದಿಯಲ್ಲಿ ನಿಂತು, ಮುಚ್ಚಿದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿರಬೇಕು. ಕಣ್ಣು ಕೆಕ್ಕರಿಸಿರಬೇಕು. ನೋಡಿದವರಿಗೆ ಅವಳ ಮೇಲೆ ಹೇಸಿಗೆ ಹುಟ್ಟಬೇಕು ಎಂದೂ ಸೇರಿಸಿ ಕೆಳಗೆ ಗೆರೆ ಎಳೆದಿದ್ದೆ. ನಾನಾಗ ಹೊಳಲ್ಕೆರೆಯಲ್ಲಿ ಮೇಷ್ಟರು. ಗೆರೆ ಎಳೆದು ಹೇಳದಿದ್ದರೆ ಯಾರ ತಲೆಗೂ ಏನೂ ಹತ್ತುವುದಿಲ್ಲ ಎಂದು ನಂಬಿದ್ದೆ.

ಆ ಮುದುಕಿ ಬೇರೆ ಯಾರೂ ಅಲ್ಲ, ಹಿರಿಯೂರಿನಲ್ಲಿದ್ದ ನನ್ನ ಅಕ್ಕನ ಅತ್ತೆ. ಮಾರಿಕಣಿವೆಯ ಕಟ್ಟೆ ಕೆಲಸಕ್ಕೆ ಹೋಗಿದ್ದ ಭಾವ ಪ್ಲೇಗು ಹತ್ತಿಸಿಕೊಂಡು ಮನೆಗೆ ಬಂದಾಗ ಊರವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅತ್ತೆ ಮೊಮ್ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ಮಗನನ್ನೂ ಸೊಸೆಯನ್ನೂ ಒಳಗೆ ಕೂಡಿ ಚಿಲಕ ಹಾಕಿದಳಂತೆ. ನಾಲ್ಕನೆಯ ದಿನ ನೆರೆಯವರು ಹಾರೆಯಿಂದ ಬಾಗಿಲು ಮುರಿದು ನೋಡಿದರೆ ಭಾವ ತೀರಿಹೋಗಿದ್ದರು, ಅಕ್ಕ ಪಕ್ಕದಲ್ಲೇ ಎಚ್ಚರತಪ್ಪಿ ಬಿದ್ದಿದ್ದಳು. ಇಷ್ಟನ್ನೂ ನನಗೆ ಹೇಳಿದವರು ನೆಂಟರು. ಅಂದಿನಿಂದ ಎಂಟು ವರ್ಷ ನಾನು ಆ ಮನೆಯ ಒಂದು ಗುಟುಕು ನೀರು ಮುಟ್ಟಲಿಲ್ಲ. ಅಕ್ಕ ತವರಿಗೆ ಬಂದಾಗ ಆ ದಿನಗಳ ಮಾತು ತೆಗೆದರೆ ಸಾಕು, ನಾನು ಅವಳ ಅತ್ತೆಯನ್ನು ಬೈಯಲು ಶುರುಮಾಡುತ್ತಿದ್ದೆ. ಅವಳು ಸುಮ್ಮನಾಗಿಬಿಡುತ್ತಿದ್ದಳು. ಕೊನೆಗೆ ಆ ಸಿಟ್ಟನ್ನೆಲ್ಲ, ಹೆಸರೂ ಊರೂ ಬದಲಿಸಿ, ಕಾದಂಬರಿ ಮಾಡಿದೆ.

ದುರ್ಗದ ಅಚ್ಚುಕೂಟದಿಂದ ಕರೆ ಬಂದು ಹೋದಾಗ ಪುಸ್ತಕ ಹೊಲಿದು ಸಿದ್ಧವಾಗಿತ್ತು. ಮುಖಪುಟ ನೋಡಿ ನನ್ನ ತಲೆ ಕೆಟ್ಟುಹೋಯಿತು. ಬೀದಿಯೂ ಇಲ್ಲ, ಮುದುಕಿಯೂ ಇಲ್ಲ. ಕತ್ತಲೆಯ ಕೋಣೆ, ಮೂಲೆಯಲ್ಲಿ ಮಂಚ. ನಮಗೆ ಬೆನ್ನು ಮಾಡಿ ನಿಂತ ಹರೆಯದ ಹೆಂಗಸು ಬಾಗಿಲಿಗೆ ಅಡ್ಡವಾಗಿ ಅಗಳಿ ಸೇರಿಸುತ್ತಿದ್ದಾಳೆ. ಒಳಗಿನಿಂದ!

ಅಚ್ಚು ಕೊರೆದವರು ಒಬ್ಬ ಬಡಗಿ ಆಚಾರರು. ಊರವರ ಬಾಗಿಲು ಕಿಟಕಿ ಮಾಡುವುದು ಅವರ ಕಸುಬು, ಬಿಡುವಿದ್ದಾಗ ಅಚ್ಚುಕೂಟಕ್ಕೆ ಮರದಲ್ಲಿ ಚಿತ್ರ ಕೊರೆಯುತ್ತಿದ್ದರು. ಅವರ ಮನೆಗೇ ನುಗ್ಗಿದೆ.

"ಏನ್ರೀ ಆಚಾರ್ರೇ, ನಾನು ಬರೆದಿದ್ದೇನು, ನೀವು ಕೊರೆದಿದ್ದೇನು?"

ಆಚಾರರು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಕುಂತ್ಕಳ್ರಿ ಮೇಷ್ಟ್ರೇ. ನಿಮ್ ಚೀಟಿ ಓದಿದೆ. ಆಮೇಲೆ ಕಥೇನೂ ಓದಿದೆ. ಎರಡಕ್ಕೂ ತಾಳೆ ಆಗ್ಲಿಲ್ಲ. ನಾಕನೇ ದಿನ ಹಾರೆ ತಗಂಡು ಬಾಗಿಲು ಮುರಿದ್ರು ಅಂತ ನೀವೇ ಬರ್ದೀರಿ. ಚಿಲಕ ಹೊರಗಡೆ ಇದ್ರೆ ಮುರಿಯಾದು ಯಾಕ್ರಿ? ಬೆರಳಾಗೆ ತೆಗೆದ್ರೆ ಆತು."

"ಅದು ಕಥೆ ಕಣ್ರೀ!"

"ಕಥೆ ಆದ್ರೂ ಬಾಗಿಲು ಬಾಗಿಲೇ ಅಲ್ವೇನ್ರಿ? ನಿಮ್ ಕಥೆಯಾಗೆ ಇರೋದು ಆ ಮುದುಕಮ್ಮನ ಕೆಟ್ಟತನ ಅಲ್ಲ, ಈ ಹೆಣ್ಮಗಳ ಧೈರ್ಯ. ನನಗೆ ಕಂಡಿದ್ದು ಅದು. ಕಂಡಿದ್ದು ಕೊರ್ದೆ."

ಹಾರೆಯ ಸಂಗತಿ ನಾನು ಕಲ್ಪಿಸಿದ್ದಲ್ಲ. ನೆಂಟರು ಹೇಳಿದ್ದನ್ನು ಯೋಚಿಸದೆ ಹಾಗೆಯೇ ಇಳಿಸಿದ್ದೆ. ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆಯದ ಪ್ರಶ್ನೆಯನ್ನು ಬಡಗಿಯೊಬ್ಬರು ಉಳಿ ಮಸೆಯುತ್ತ ಕೇಳಿಬಿಟ್ಟರು. ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಬಿದ್ದೆ.

ಇದರ ಮೇಲೆ ಅಕ್ಕ ಬೇರೆ ಹೇಳಿಕಳಿಸಿದ್ದಳು. ತಮ್ಮ ಪುಸ್ತಕ ಬರೆದಿದ್ದಾನಂತೆ, ಓದಲು ಬರದಿದ್ದರೇನು, ಕಣ್ಣಿಂದಾದರೂ ನೋಡುತ್ತೇನೆ, ತರಲಿ ಎಂದು. ಅವಳಿಗೆ ಅಕ್ಷರ ಬರದು ಎಂಬ ಧೈರ್ಯದಲ್ಲೇ ಅಲ್ಲವೇ ನಾನು ಅಷ್ಟೆಲ್ಲ ಬರೆದದ್ದು? ಒಳಗಿನ ಇನ್ನೂರು ಪುಟ ಅವಳಿಗೆ ಬರಿಯ ಕಪ್ಪು ಮಸಿ. ಅವಳು ಓದಬಲ್ಲದ್ದು ಮುಖಪುಟ ಒಂದನ್ನೇ.

ಹಿರಿಯೂರಿನ ದಾರಿಯುದ್ದಕ್ಕೂ ಗಾಡಿಯಲ್ಲಿ ಕೂತು ಪುಸ್ತಕದ ಗಂಟು ಬಿಚ್ಚುವುದು, ನೋಡುವುದು, ಮತ್ತೆ ಕಟ್ಟುವುದು ಇದೇ ಕೆಲಸ. ಆಚಾರರು ಹೇಳಿದ್ದು ಸುಳ್ಳಾದರೆ, ನೊಂದವಳ ಮುಂದೆ ಸುಳ್ಳು ಚಿತ್ರ ಹಿಡಿದಂತಾಗುತ್ತದೆ. ನಿಜವಾದರೆ? ಒಮ್ಮೆ ಮುಖಪುಟವನ್ನೇ ಹರಿದುಬಿಡೋಣವೆಂದು ಅಂಚು ಹಿಡಿದೆ, ಧೈರ್ಯವಾಗಲಿಲ್ಲ. ವೇದಾವತಿ ಹೊಳೆ ದಾಟುವ ಮುಂಚೆ ಅದಕ್ಕೆ ಹಳೆಯ ಪತ್ರಿಕೆಯ ಹಾಳೆ ಸುತ್ತಿದೆ.

ಅಕ್ಕ ಜಗುಲಿಯಲ್ಲೇ ಕಾದಿದ್ದಳು. ಪುಸ್ತಕ ಕೈಗೆ ಬಂದದ್ದೇ ಆ ಹಾಳೆ ಕಿತ್ತು ಪಕ್ಕಕ್ಕಿಟ್ಟಳು. ಚಿತ್ರ ನೋಡಿದಳು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಅವಳು ಬೆರಳನ್ನು ಅಗಳಿಯ ಮೇಲಿಟ್ಟಳು.

"ಅಗಳಿ ನಾನೇ ಹಾಕ್ಕಂಡೆ ಅಂತ ನಿನಗೆ ಯಾರು ಹೇಳಿದ್ರೋ?"

ಅವಳೇ ಮುಂದುವರಿಸಿದಳು. "ಮಗೂನ ಅತ್ತೆ ಕೈಗೆ ಕೊಟ್ಟು, ಅವರ್ನ ಹೊರಗೆ ನೂಕಿ ಅಗಳಿ ಹಾಕ್ಕಂಡೆ ಕಣೋ. ಮೂರು ದಿನ ಹೊಸಲಲ್ಲೇ ಕುಂತು ಬಾಗಿಲು ಬಡಿದ್ರು, ನನ್ ಮಗನ್ನ ನೋಡ್ತೀನಿ ತೆಗಿಯೇ ಅಂತ. ತೆಗೆದಿದ್ರೆ ಅವರೂ ಹೋಗೋರು, ಮಗೂನೂ ಹೋಗಾದು. ಈ ಮಾತು ಎಷ್ಟು ಸಲ ಹೇಳಾಕೆ ಬಂದೆ ನಿನಗೆ. ನೀನು ಕೇಳಿಸ್ಕಂಡ್ಯಾ?"

ನೆಲ ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಅವಳು ಒಳಕ್ಕೆ ಕೂಗಿದಳು. "ಅತ್ತೇ, ಬರ್ರಿ ಇಲ್ಲಿ! ನನ್ ತಮ್ಮ ನಮ್ ಕಥೆ ಬರ್ದವ್ನೆ. ಓದ್ತಾನಂತೆ, ಕುಂತ್ಕಳ್ರಿ."

ಮುದುಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನೆದುರೇ ಕೂತರು. ಕಣ್ಣು ಕೆಕ್ಕರಿಸಿರಲಿಲ್ಲ. ಎರಡರಲ್ಲೂ ಪೊರೆ ಬಂದು ಬೆಳ್ಳಗಾಗಿದ್ದವು. ನಾನು ಪುಸ್ತಕ ತೆರೆದೆ. ಮೊದಲ ಸಾಲಿನಲ್ಲೇ ಆಕೆ ಹೊರಗಿನಿಂದ ಚಿಲಕ ಜಡಿಯುತ್ತಿದ್ದಳು.

ಪುಟ ತಿರುಗಿಸುತ್ತ, ಒಳಗಿನ ಒಂದು ಅಕ್ಷರವನ್ನೂ ಓದದೆ, ಮುಖಪುಟದಲ್ಲಿದ್ದ ಕಥೆಯನ್ನು ಹೇಳಿದೆ. ಮುಗಿದ ಮೇಲೆ ಮುದುಕಿ ಕೈ ಚಾಚಿ ನನ್ನ ಮೊಣಕಾಲು ಮುಟ್ಟಿದರು.

"ಕಂಡಂಗೆ ಬರ್ದೀಯಪ್ಪ. ಇವತ್ತಾದ್ರೂ ನಮ್ಮನ್ಯಾಗೆ ಒಂದು ತುತ್ತು ಉಣ್ಣು."