ಗಂಡಸ್ತನದ ಇಂಜೆಕ್ಷನ್

ರಿಪೋರ್ಟಿನಲ್ಲಿ ವೀರ್ಯಾಣು 'ನಿಲ್' ಎಂದಿತ್ತು.

ಅದು ನನ್ನ ಗಂಡನ ರಿಪೋರ್ಟು. ಅಲ್ಲಿಯವರೆಗೆ ಟೆಸ್ಟುಗಳೆಲ್ಲ ನನಗೇ ಆಗಿದ್ದವು. ಸ್ಕ್ಯಾನ್, ರಕ್ತ, ಹರಕೆ, ಉಪವಾಸ. ಎಲ್ಲದರಲ್ಲೂ ಪಾಸು. ಆದರೂ ರಾಯದುರ್ಗದ ನಮ್ಮ ಓಣಿಯಲ್ಲಿ ಬಂಜೆ ಎಂಬ ಹೆಸರು ನನಗೇ ಅಂಟಿತ್ತು. ಇವರನ್ನು ಯಾರು ಅನುಮಾನಿಸಿಯಾರು? ಜೀನ್ಸ್ ಹೊಲಿದು ಮುಗಿಸಿ ಜಿಮ್ಮಿಗೆ ಹೋಗುವ ಗಂಡಸು. ಇವರ ರಟ್ಟೆ ನೋಡಿ ಅತ್ತೆ ದೃಷ್ಟಿ ತೆಗೆಯುತ್ತಿದ್ದರು.

ಬಳ್ಳಾರಿಯ ಡಾಕ್ಟರು ಕೇಳಿದರು: "ಇಂಜೆಕ್ಷನ್ ಏನಾದ್ರೂ ತಗೊಂತೀರೇನ್ರಿ?"

"ಹೌದ್ರಿ ಸರ್, ಟೆಸ್ಟೋಸ್ಟಿರಾನ್. ಜಿಮ್ಮಿನಾಗ ಕೊಡ್ತಾರ. ಮಕ್ಕಳಾಗ್ಲಿ ಅಂತ ಈಗ ಡೋಸ್ ಜಾಸ್ತಿ ಮಾಡೀನ್ರಿ" ಎಂದರು ಇವರು, ಹೆಮ್ಮೆಯಿಂದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದರೆ ದೇಹ ತನ್ನ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಹುಟ್ಟುವುದಿಲ್ಲ ಎಂದರು. ಜಿಮ್ಮಿನಲ್ಲಿ ಅದಕ್ಕೆ ಗಂಡಸ್ತನದ ಇಂಜೆಕ್ಷನ್ ಎನ್ನುತ್ತಾರಂತೆ. ಆ ಹೆಸರೊಂದನ್ನು ನಂಬಿ ಇವರು ಚುಚ್ಚಿಸಿಕೊಳ್ಳುತ್ತಾ ಹೋದರು, ಇತ್ತ ನಾನು ಕಂಡ ಕಂಡ ದೇವರಿಗೆಲ್ಲ ಉಪವಾಸ ಬೀಳುತ್ತಾ ಹೋದೆ. ನನಗೆ ಮೊದಲು ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು.

ಇಂಜೆಕ್ಷನ್ ಬಿಟ್ಟ ಮೇಲೆ ಇವರು ಮಂಕಾದರು. ಹೊಲಿಗೆ ಮಷೀನಿನ ಮುಂದೆ ಕೂತಲ್ಲೇ ಅಳು.

"ಒಂದೇ ಒಂದು ಹಾಕಿಸ್ಕೊಂಡು ಬರ್ತೀನಿ. ಮೈಯಾಗ ಜೀವಾನ ಇಲ್ಲ."

"ಹೋಗ್ರಿ. ನೀವು ಬರೋದ್ರಾಗ ನಾ ತವರಿಗೆ ಹೋಗಿರ್ತೀನಿ."

ಇವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಡಾಕ್ಟರು ಬರೆದ ಮಾತ್ರೆ ನುಂಗಿಸಿ, ಇವರ ಪಾಲಿನ ಪ್ಯಾಂಟುಗಳನ್ನೂ ನಾನೇ ಹೊಲಿದೆ. "ಅವ್ವಗ ಹೇಳಬ್ಯಾಡ" ಎಂದು ಕೈ ಹಿಡಿದುಕೊಂಡಿದ್ದರು. ಹೇಳಲಿಲ್ಲ. ಬಂಜೆ ಎಂಬ ಹೆಸರು ನನ್ನ ಮೇಲೇ ಉಳಿಯಿತು.

ನಾದಿನಿಯ ಸೀಮಂತದ ದಿನ ಉಡಿ ತುಂಬಲು ಎದ್ದೆ.

"ನೀ ಬ್ಯಾಡವಾ, ಹಿಂದ ನಿಂದ್ರು" ಎಂದರು ಅತ್ತೆ, ಎಲ್ಲರ ಎದುರು.

ನಾನು ಕದಲಲಿಲ್ಲ.

"ಯಾಕ ನಿಂದ್ರಬೇಕ್ರಿ ಅತ್ತಿ? ನಿಮ್ಮ ಮಗನ್ನ ಕೇಳ್ರಿ."

ಬಾಗಿಲಲ್ಲಿದ್ದ ಇವರ ಮುಖ ಕಪ್ಪಿಟ್ಟಿತು. ಇನ್ನೇನು ಹೊರಗೆ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ದೋಷ ನನ್ನಾಗ ಐತವ್ವ. ಆಕಿ ತುಂಬ್ಲಿ."

ಅತ್ತೆ ಪಕ್ಕಕ್ಕೆ ಸರಿದರು. ನಾದಿನಿ ತಾನೇ ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಎಲ್ಲವನ್ನೂ ನಿಧಾನವಾಗಿ ಹಾಕಿದೆ. ಅವಸರ ಮಾಡಲಿಲ್ಲ.

ಮೊನ್ನೆಯ ಟೆಸ್ಟಿನಲ್ಲಿ ಕೆಲವು ವೀರ್ಯಾಣು ಕಂಡಿವೆ. ಗ್ಯಾರಂಟಿ ಇಲ್ಲ, ಕಾಯಿರಿ ಎಂದಿದ್ದಾರೆ ಡಾಕ್ಟರು. ಅಷ್ಟಕ್ಕೇ ಅವರಿಗೆ ಕೈ ಮುಗಿದು ಬಂದೆ. ಮಗು ಬಂದರೆ ಸಂತೋಷ. ಬರದಿದ್ದರೂ, ಓಣಿಯಲ್ಲಿ ಯಾರ ಮನೆಯ ಸೀಮಂತವಾದರೂ ಇನ್ನು ಹಿಂದೆ ನಿಲ್ಲುವುದಿಲ್ಲ, ಮೊದಲ ಉಡಿ ತುಂಬುವವಳು ನಾನೇ.