ಬಾಗಿಲು ನಿಲ್ಲಿಸದ ಮಠ

ನಜರಬಾದಿನ ನಮ್ಮ ವಠಾರದಲ್ಲಿ ಚಾಮಯ್ಯನಷ್ಟು ಮೆತ್ತಗಿನ ಗಂಡಸು ಇನ್ನೊಬ್ಬನಿರಲಿಲ್ಲ. ನಲ್ಲಿಯ ಹತ್ತಿರ ಜಗಳವಾದರೆ ಕೊಡ ಹಿಡಿದುಕೊಂಡು ಪಕ್ಕಕ್ಕೆ ನಿಂತುಬಿಡುವವನು. ಅವನ ಪಾಲಿನ ಜಗಳವನ್ನೂ ಗೋಡೆಯಾಚೆಯ ಮನೆಯವಳಾದ ನಾನೇ ಆಡಬೇಕಾಗಿತ್ತು. ಸರೋಜಮ್ಮನ ಬಾಯಿ ಅಂದರೆ ಇಡೀ ಬೀದಿಗೆ ಗೊತ್ತು, ಅದರಲ್ಲಿ ನನಗೇನೂ ನಾಚಿಕೆಯಿಲ್ಲ. ಆದರೆ ಅಂಥ ಸಾಧುವಿನ ಮನೆಯಲ್ಲಿ ನಡೆದದ್ದನ್ನು ನೆನೆದರೆ ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಅವನು ಇಲವಾಲದ ಒಕ್ಕಲು ಮನೆಯ ಹುಡುಗ. ನೇಗಿಲು ಹಿಡಿ ಅಂದರೆ ಇದ್ದಿಲು ಹಿಡಿದು ಗೋಡೆಯ ಮೇಲೆ ಗೀಚುತ್ತಿದ್ದನಂತೆ. ಅಪ್ಪ ಬೈದು ಬೈದು ಸುಸ್ತಾಗಿ ಮೈಸೂರಿನ ಒಂದು ನಾಟಕದ ಕಂಪನಿಗೆ ತಂದು ಬಿಟ್ಟ. ಅಲ್ಲಿ ಕಾಡು, ದರ್ಬಾರು, ಬೀದಿ ಅಂತ ಪರದೆ ಬರೆಯುತ್ತ ಬೆಳೆದ. ಪ್ರೇಮಮ್ಮನನ್ನು ಮದುವೆಯಾದ ಮೇಲೆ ಬಣ್ಣ ಅರೆಯುವ ಕೆಲಸ ಅವಳದಾಯಿತು. ಅರೆದದ್ದು ಸಾಕೋ ಬೇಕೋ ಎಂದು ನೋಡುವುದನ್ನೂ ಅವನೇ ಕಲಿಸಿದ್ದ: ಚೂರು ಬೆರಳಿಗೆ ತೆಗೆದುಕೊಂಡು ಮುಂದಿನ ಹಲ್ಲಿಗೆ ತಿಕ್ಕಬೇಕು, ಮರಳು ಸಿಕ್ಕಿದರೆ ಇನ್ನೂ ಅರೆಯಬೇಕು. ಅವನೋ, ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿಟ್ಟು ಎಳೆಯುತ್ತಿದ್ದ. "ನನ್ನ ಪರದೇಲಿ ಅರ್ಧ ಇವಳದೇ ಕಣಕ್ಕ" ಎಂದು ನನ್ನೆದುರು ಹೇಳಿ ಅವಳನ್ನು ನಾಚಿಸುತ್ತಿದ್ದ.

ಅವಳಿಗೆ ಎರಡು ಬಸಿರು ಇಳಿದುಹೋಗಿದ್ದವು. ಐವತ್ತೆರಡನೆಯ ಇಸವಿಯಲ್ಲಿ ಮೂರನೆಯದು ನಿಂತಿತು. ಸುದ್ದಿ ಕೇಳಿ ಚಾಮಯ್ಯನ ತಾಯಿ ಬೆಟ್ಟಮ್ಮ ಊರಿನಿಂದ ಬಂದಳು. ಬಂದವಳು ಗಂಟು ಕೆಳಗಿಡುವ ಮೊದಲೇ ಸೊಸೆಗೆ ಕೇಳಿಸುವಂತೆ ಹೇಳಿದಳು: "ಇದೂ ನಿಲ್ದೆ ಓದ್ರೆ ಇನ್ನೊಂದು ಎಣ್ಣು ತರದೇಯ. ಇಲವಾಲ್ದಲ್ಲಿ ನೋಡಿ ಮಡಗಿವ್ನಿ."

ನನಗೆ ತಡೆಯಲಾಗಲಿಲ್ಲ. "ಬಾಯಲ್ಲಿ ಒಳ್ಳೇ ಮಾತು ಬರೋದೇ ಇಲ್ವಾ ಬೆಟ್ಟಮ್ಮಾ?" ಅಂದೆ. ಪ್ರೇಮಮ್ಮ ಒಳಗೆ ಹೋಗಿ ಒಲೆ ಊದುತ್ತ ಕೂತಳು. ಚಾಮಯ್ಯ ಎಂದಿನಂತೆ ಪಕ್ಕಕ್ಕೆ ನಿಂತಿದ್ದ.

ಅದೇ ವರ್ಷ ಕಂಪನಿ ಮುಚ್ಚಿತು. ಕೆಲಸವಿಲ್ಲದೆ ಕೂತಿದ್ದಾಗ ಹೊಳೆದಂಡೆಯ ಒಂದು ಹಳೆಯ ಮಠದವರು ಹುಡುಕಿಕೊಂಡು ಬಂದರು. ಐನೂರು ವರ್ಷದ ಕಲ್ಲಿನ ಮಠ, ಅದರ ಪ್ರತಿರೂಪವನ್ನು ದಸರಾ ವಸ್ತುಪ್ರದರ್ಶನದಲ್ಲಿ ಇಡಬೇಕು, ಎರಡು ಮಂಚದಷ್ಟು ಉದ್ದವಿರಬೇಕು ಅಂದರು. ಚಾಮಯ್ಯ ಅಲ್ಲಿಗೇ ಹೋಗಿ ಹಗ್ಗದಲ್ಲಿ ಅಳೆದು, ಬರೆದುಕೊಂಡು ಬಂದ. ಹಾಲೆ ಮರದಲ್ಲಿ ಕಡ್ಡಿಯಂಥ ಕಂಬಗಳನ್ನು ಕೊರೆದ. ಪಡಸಾಲೆಯ ತುಂಬ ಅಂಗಳ, ಅಡುಗೆಮನೆ, ಗುರುಗಳ ಸಮಾಧಿಗಳ ಸಾಲು ಎದ್ದವು. ನಾವೆಲ್ಲ ಬಗ್ಗಿ ನೋಡಿ ಬಾಯಿ ಬಿಟ್ಟೆವು.

ಬೆಟ್ಟಮ್ಮ ಮಾತ್ರ ಎದೆ ಬಡಿದುಕೊಂಡಳು. "ಬಸ್ರಿ ಎಂಗ್ಸು ಇರೋ ಮನೇಲಿ ಕಟ್ಟಡ ಕಟ್ತಾರೇನ್ಲಾ? ಅದೂ ಸಮಾಧಿ ಬೇರೆ!"

"ಆಟದ ಸಾಮಾನಿನಂಗೆ ಕಣವ್ವ ಇದು" ಎಂದ ಚಾಮಯ್ಯ.

"ಸಣ್ಣದಾದ್ರೇನು, ಬಾಗ್ಲು ನಿಲ್ಸಿದ್ರೆ ಅದು ಮನೆಯೇಯ."

ಅವನಿಗೂ ಒಳಗೆ ಭಯವಿತ್ತು. ಬೇಡವೆನ್ನಲು ಬೇರೆ ಕೆಲಸವಿಲ್ಲ, ಮಾಡಲು ಮಗುವಿನ ಚಿಂತೆ. ಜೋಯಿಸರಾದ ವೆಂಕಟಸುಬ್ಬಯ್ಯನವರನ್ನು ಕೇಳಿದ. ಅವರು ದಾರಿ ಹೇಳಿದರು: ಹೆರಿಗೆಯಾಗುವ ತನಕ ಮನೆಯೊಳಗೆ ಮಠಕ್ಕೆ ಹೆಬ್ಬಾಗಿಲು ನಿಲ್ಲಿಸಬೇಡ, ಬಸುರಿಯ ನೆರಳು ಅದರ ಮೇಲೆ ಬೀಳದಿರಲಿ. ಚಾಮಯ್ಯ ಹಾಗೇ ನಡೆದುಕೊಂಡ. ಕೆತ್ತಿದ ಹೆಬ್ಬಾಗಿಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಪ್ರೇಮಮ್ಮನಿಗೆ ಪಡಸಾಲೆಗೆ ಬರಬೇಡವೆಂದು ಹೇಳಿ, ಹಿತ್ತಿಲ ಕಡೆಯ ಕೋಣೆಯಲ್ಲಿ ಅರೆಯುವ ಕಲ್ಲು ಹಾಕಿಕೊಟ್ಟ.

ಮಠದ ಗೋಡೆಗಳೆಲ್ಲ ಬಿಳುಪು. ಸುಣ್ಣ ಹೊಡೆದರೆ ಮರದ ಮೇಲೆ ನಿಲ್ಲುವುದಿಲ್ಲವೆಂದು ಸಫೇದವೆಂಬ ಬಿಳಿ ಬಣ್ಣವನ್ನೇ ಬಳಿಯಬೇಕಿತ್ತು. ಕಂಬದ ಉಬ್ಬು ಕೆಲಸಕ್ಕೂ ಅದೇ. ಅಂಗಡಿಯಿಂದ ಪೊಟ್ಟಣಗಟ್ಟಲೆ ಬಿಳಿ ಪುಡಿ ಬಂತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಪ್ರೇಮಮ್ಮ ಬೆಳಗಿನಿಂದ ಅರೆಯುತ್ತಿದ್ದಳು. ಹುಬ್ಬಿನ ಮೇಲೆಲ್ಲ ಬಿಳಿ ಧೂಳು. ಆಗಾಗ ಬೆರಳನ್ನು ಹಲ್ಲಿಗೆ ತಿಕ್ಕಿ ನೋಡುತ್ತಿದ್ದಳು.

"ಇದೊಂಥರಾ ಸಿಹಿ ಕಣಕ್ಕ. ಬಾಯಿ ಕೆಟ್ಟಿರೋವಾಗ ಚೆನ್ನಾಗೇ ಇರುತ್ತೆ" ಅಂದಳು ನನ್ನ ಹತ್ತಿರ.

"ಥೂ, ಬಣ್ಣ ತಿಂತಾರೇನೇ?" ಎಂದು ಗದರಿ ನನ್ನ ಕೆಲಸಕ್ಕೆ ಹೋದೆ.

ಶ್ರಾವಣದ ಹೊತ್ತಿಗೆ ಮಠ ಬೆಳ್ಳಗಾಯಿತು, ಮನೆಯವರು ಬಣ್ಣಗೆಟ್ಟರು. ಚಾಮಯ್ಯನಿಗೆ ಹೊಟ್ಟೆ ಹಿಂಡುವ ನೋವು. ಊಟದ ಮುಂದೆ ಕೂತು ಹಾಗೇ ಬಾಗಿಬಿಡುತ್ತಿದ್ದ. ನಗುವಾಗ ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ಪ್ರೇಮಮ್ಮನ ಮುಖ ಬೂದಿಯಾಗಿತ್ತು, ಹೊಟ್ಟೆ ಮಾತ್ರ ಮುಂದೆ. "ಮಗು ಮೊದಲಿನಷ್ಟು ಒದೆಯೋದಿಲ್ಲ ಅಕ್ಕ" ಎಂದು ಒಂದು ದಿನ ಮೆಲ್ಲಗೆ ಹೇಳಿದಳು. ಬೆಟ್ಟಮ್ಮ ತಾಯಿತ ಕಟ್ಟಿಸಿದಳು. ಚಾಮಯ್ಯ ದಿನಾ ಅಟ್ಟ ಹತ್ತಿ ಬಾಗಿಲು ಇಟ್ಟಲ್ಲೇ ಇದೆಯೋ ಎಂದು ನೋಡಿ ಇಳಿಯುತ್ತಿದ್ದ. ನನಗೋ ಆ ಪಡಸಾಲೆಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಬಾಗಿಲಿಲ್ಲದ ಆ ಬಿಳಿ ಮಠದ ಕಂಡಿಯೊಳಗೆ ಬರೀ ಕತ್ತಲೆ ಕಾಣುತ್ತಿತ್ತು.

ಗೌರಿಹಬ್ಬದ ಹಿಂದಿನ ದಿನ ಚಾಮಯ್ಯನ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಎತ್ತಿದರೆ ಏಳದು. "ಉಳುಕಿರಬೇಕು" ಎಂದು ಎಣ್ಣೆ ತಿಕ್ಕಿಕೊಂಡ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಪ್ರೇಮಮ್ಮ ಕೂಗಿದಳು. ಏಳು ತಿಂಗಳು ತುಂಬಿರಲಿಲ್ಲ. ಜಟಕಾ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ದೆವು. ಹೆಣ್ಣು ಮಗು. ಒಂದು ಸಲವೂ ಅಳಲಿಲ್ಲ.

ವಾರ್ಡಿನಲ್ಲಿ ನಾಲ್ಕು ಜನರ ಮುಂದೆ ಬೆಟ್ಟಮ್ಮ ಶುರುಮಾಡಿದಳು. "ಬಾಗ್ಲು ನಿಲ್ಸಿಲ್ಲ, ನೆಳ್ಳು ಬಿದ್ದಿಲ್ಲ. ಜೋಯಿಸ್ರು ಏಳಿದ್ದೆಲ್ಲ ಮಾಡಿದ್ದಾಯ್ತು. ಇನ್ನೇನು ಉಳೀತು? ಇವ್ಳ ಒಟ್ಟೆಯೇ ಕೆಟ್ಟದ್ದು. ನನ್ ಮಗ ಎಷ್ಟು ವರ್ಸ ಕಾಯ್ಬೇಕು?"

ಪ್ರೇಮಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಬೆಟ್ಟಮ್ಮನ ಮೇಲೆ ಎಗರಿಬಿದ್ದೆ. ಅಷ್ಟರಲ್ಲಿ ಚಾಮಯ್ಯ ಹೆಂಡತಿಗೆ ಕೊಡಲು ಹಾಲಿನ ಲೋಟ ಎತ್ತಿಕೊಂಡ. ಅದು ಕೈಯಿಂದ ಜಾರಿ ಉರುಳಿತು. ಪಕ್ಕದ ಮಂಚದವಳನ್ನು ನೋಡುತ್ತಿದ್ದ ಡಾಕ್ಟರು ಬಂದು ಅವನ ಕೈ ಹಿಡಿದು ನೋಡಿದರು, ತುಟಿ ಸರಿಸಿ ಒಸಡು ನೋಡಿದರು.

"ಏನು ಕೆಲಸ ನಿಮ್ಮದು?"

"ಬಣ್ಣದ ಕೆಲಸ ಸ್ವಾಮಿ."

"ಸಫೇದ ಯಾರು ಅರೆಯೋದು?"

ಚಾಮಯ್ಯ ಮಂಚದ ಕಡೆ ನೋಡಿದ. ಡಾಕ್ಟರು ಪ್ರೇಮಮ್ಮನ ಒಸಡನ್ನೂ ನೋಡಿದರು. ಆಮೇಲೆ, "ಸಫೇದದಲ್ಲಿ ಇರೋದು ಸೀಸ ಕಣ್ರೀ, ಅದು ವಿಷ. ನಿಮ್ಮ ಕೈ ಬಿದ್ದದ್ದು ಅದರಿಂದ. ಮಗು ಹೋದದ್ದೂ ಅದರಿಂದಲೇ" ಎಂದರು.

ಪ್ರೇಮಮ್ಮ ಎದ್ದು ಕೂತಳು. "ಮುಂಚೆ ಎರಡು ಹೋದ್ವಲ್ಲ, ಅವೂನಾ ಸ್ವಾಮಿ?"

"ಆಗಲೂ ಅರೀತಿದ್ದೆಯೇನಮ್ಮಾ?"

"ಹೂಂ. ಪರದೆಗೆ."

"ಹಾಗಾದರೆ ಅವೂ ಇದರಿಂದಲೇ ಇರಬೇಕು. ನಿನ್ನ ಹೊಟ್ಟೇಲಿ ಏನೂ ದೋಷವಿಲ್ಲ."

ಅರೆದದ್ದನ್ನು ಹಲ್ಲಿಗೆ ತಿಕ್ಕಿ ನೋಡಲು ಹೆಂಡತಿಗೆ ಕಲಿಸಿದ್ದ ಚಾಮಯ್ಯ ಮಂಚದ ಕಂಬಿಗೆ ಆತುಕೊಂಡು ನಿಂತಿದ್ದ, ಅವನ ಮುಖ ನೋಡಲು ನನ್ನಿಂದಾಗಲಿಲ್ಲ. ಪ್ರೇಮಮ್ಮ ಅವನ ಕಡೆ ನೋಡಲೇ ಇಲ್ಲ. ಹೆತ್ತು ಕಳೆದುಕೊಂಡ ಆ ಹೆಂಗಸಿನ ಮುಖದಲ್ಲಿ, ದೇವರೇ, ಸಂತೋಷವಿತ್ತು.

"ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದಳು. "ನಮ್ಮತ್ತೆಗೆ ಚೆನ್ನಾಗಿ ಕೇಳಿಸ್ಲಿ."

ಡಾಕ್ಟರು ಇನ್ನೊಂದು ಸಲ ಬಿಡಿಸಿ ಹೇಳಿದರು. ಚಾಮಯ್ಯ ಅಲ್ಲೇ ನಿಂತು ಅದನ್ನು ಎರಡನೆಯ ಸಲವೂ ಕೇಳಿಸಿಕೊಂಡ.