ಅಂಬುಜಕ್ಕನ ಮಳೆ ಲೆಕ್ಕ

ನಮ್ಮ ಅಂಬುಜಕ್ಕ ಹಟಮಾರಿ. ವೆಸ್ಟ್ ಮಾಂಬಲಂನ ನಮ್ಮ ಓಣಿಯಲ್ಲಿ ನೀರಿನ ಪಂಪಿನ ಸರದಿಗೂ ಅವಳೊಡನೆ ಯಾರೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಕೆರೆ, ಅಣೆಕಟ್ಟುಗಳ ಲೆಕ್ಕ ಮಾಡಿಕೊಡುವ ಖಾಸಗಿ ಕಂಪನಿಯಲ್ಲಿ ಒಂಬತ್ತು ವರ್ಷ ಕೂತು, ಎಷ್ಟು ಮಳೆಗೆ ಎಷ್ಟು ನೀರು ಬಂದೀತೆಂದು ಹೇಳುವ ಪ್ರೋಗ್ರಾಮುಗಳನ್ನು ಫೋರ್‌ಟ್ರಾನ್ ಭಾಷೆಯಲ್ಲಿ ಬರೆದಿದ್ದಳು. ನಾನು ಅವಳ ತಂಗಿ ವಿನೋದಾ, ಬ್ಯಾಂಕಿನ ಗುಮಾಸ್ತೆ. ಅವಳ ಕೆಲಸ ನನಗೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ.

ಎಂಬತ್ತೈದರಲ್ಲಿ ಕಂಪನಿಗೆ ಮೇಜಿನ ಮೇಲಿಡುವ ಪುಟ್ಟ ಕಂಪ್ಯೂಟರ್ ಬಂತು. ಎಲ್ಲರೂ ಬೇಸಿಕ್ ಕಲಿತರು. ಬೇಸಿಕ್ ಬರೆಯಲು ಸುಲಭ, ಆದರೆ ಪ್ರತಿಸಲವೂ ಒಂದೊಂದೇ ಸಾಲು ಓದಿ, ಅರ್ಥ ಮಾಡಿಕೊಂಡು ಮುಂದೆ ಹೋಗುವ ಆಮೆ. ನಲವತ್ತು ಊರುಗಳ ಮಳೆ ಕೊಟ್ಟರೆ ಅದು ಲೆಕ್ಕ ಮುಗಿಸುವಷ್ಟರಲ್ಲಿ ಊಟ, ಕಾಫಿ ಎರಡೂ ಆಗುತ್ತಿತ್ತು. ಪ್ರಶ್ನೆ ಬೇಸಿಕ್ ಕೇಳಲಿ, ದುಡಿಮೆ ಫೋರ್‌ಟ್ರಾನ್ ಮಾಡಲಿ ಎಂದಳು ಅಕ್ಕ. ಅವಳ ಹಳೆಯ ಪ್ರೋಗ್ರಾಮುಗಳನ್ನು ಒಮ್ಮೆ ಯಂತ್ರಭಾಷೆಗೆ ತಿರುಗಿಸಿಟ್ಟು, ಬೇಸಿಕ್‌ನಿಂದ ಅವನ್ನು ಕರೆದು, ಊರೂರಿನ ತಿಂಗಳ ಮಳೆಯ ಇಡೀ ಕೋಷ್ಟಕವನ್ನು ಒಟ್ಟಿಗೆ ಕೈಗಿತ್ತರೆ ಆಯಿತು.

ಮೇಲಧಿಕಾರಿ ವಿಶ್ವನಾಥ ಅರೆಮನಸ್ಸಿನಿಂದ ತಲೆಯಾಡಿಸಿದರು. "ಸೋಮವಾರದವರೆಗೆ ನೋಡ್ತೀನಮ್ಮಾ. ಆಗ್ಲಿಲ್ಲಾಂದ್ರೆ ಹಳೇದೆಲ್ಲ ಬಿಟ್ಟು ರೆಡಿಮೇಡ್ ಪ್ಯಾಕೇಜ್ ತರಿಸ್ತೀವಿ. ನೀವು ಟೈಪಿಂಗ್ ಸೆಕ್ಷನ್‌ಗೆ ಹೋಗ್ಬೇಕಾಗತ್ತೆ."

ಅಕ್ಕ ಮೊದಲು ಕೋಷ್ಟಕದ ಎಲ್ಲ ಮನೆಗಳಿಗೂ ಒಂದೇ ಸಂಖ್ಯೆ ತುಂಬಿ ನೋಡಿದಳು. ಉತ್ತರ ಕ್ಷಣದಲ್ಲಿ ಬಂತು, ಸರಿಯಾಗಿಯೇ ಬಂತು. ನಿಜವಾದ ಮಳೆ ಕೊಟ್ಟಾಗ ಮಾತ್ರ ಮದುರೈ ಏಪ್ರಿಲ್‌ನಲ್ಲಿ ಮುಳುಗಿಹೋಯಿತು, ಕಡಲೂರಿಗೆ ಸುರಿಮಳೆಯ ಐಪ್ಪಸಿ ತಿಂಗಳಲ್ಲೂ ಒಂದು ಹನಿ ಬೀಳಲಿಲ್ಲ. ಮೂರು ದಿನ ತನ್ನ ಫೋರ್‌ಟ್ರಾನ್ ಸಾಲುಗಳನ್ನೇ ಜಾಲಾಡಿದಳು, ತಪ್ಪು ಸಿಗಲಿಲ್ಲ. ಅವಳು ಸೊರಗುವುದನ್ನು ನೋಡಲಾರದೆ ನಾನು ಬ್ಯಾಂಕ್ ಪರೀಕ್ಷೆಯ ಅರ್ಜಿ ತಂದು, ಅವಳ ಹೆಸರಲ್ಲಿ ತುಂಬಿ, ಚೀಲದಲ್ಲಿಟ್ಟುಕೊಂಡೆ. ಒಂದು ರುಜು ಹಾಕಿದರೆ ಸಾಕಿತ್ತು.

ಭಾನುವಾರ ನಮ್ಮ ಸೋದರಮಾವ ರಾಮದಾಸರ ಷಷ್ಟ್ಯಬ್ದಿ. ಬಡಿಸುವವರು ಕಡಿಮೆಯಾಗಿ ನಾವಿಬ್ಬರೂ ಸೆರಗು ಸಿಕ್ಕಿಸಿದೆವು. ಅಕ್ಕ ಕೋಸಂಬರಿ ಹಿಡಿದು, ಪದ್ಧತಿಯಂತೆ, ಪಂಕ್ತಿಯ ಎಲೆಗಳಿಗೆಲ್ಲ ಒಂದೊಂದು ಸೌಟು ಹಾಕುತ್ತ ಬಂದಳು. ನಾನೋ, ಕೌಂಟರಿನಲ್ಲಿ ಒಬ್ಬರ ಕೆಲಸ ಮುಗಿಸಿಯೇ ಇನ್ನೊಬ್ಬರನ್ನು ಕರೆಯುವವಳು. ಪಂಕ್ತಿಯ ಇನ್ನೊಂದು ತುದಿಯಿಂದ ನಾಲ್ಕು ಬಟ್ಟಲಿನ ಹಿಡಿಕೆಪಾತ್ರೆ ಹಿಡಿದು ಒಂದು ಎಲೆಗೆ ಎಲ್ಲವನ್ನೂ ಬಡಿಸಿ, ಆಮೇಲೆ ಪಕ್ಕದ ಎಲೆಗೆ ಹೋದೆ. ಇಬ್ಬರೂ ನಡುವೆ ಡಿಕ್ಕಿಯಾಗುವ ಹೊತ್ತಿಗೆ ಒಂದು ಎಲೆಗೆ ಎರಡು ಕೋಸಂಬರಿ, ಇನ್ನೊಂದಕ್ಕೆ ಏನೂ ಇಲ್ಲ.

"ಒಬ್ಳು ಎಲೆ ಎಲೆ ತುಂಬಿಸ್ತಾಳೆ, ಇನ್ನೊಬ್ಳು ಸಾಲಿಗೆಲ್ಲ ಒಂದೇ ಪದಾರ್ಥ ಹಾಕ್ಕೊಂಡು ಬರ್ತಾಳೆ," ಎಂದು ಮಾವ ಗದರಿದರು. "ಪೋದುಂ, ಸಾಕು ಕಣ್ರಮ್ಮಾ, ಯಾವ್ದಾದ್ರೂ ಒಂದು ಮಾಡಿ."

ಅಕ್ಕ ಸೌಟು ಹಿಡಿದೇ ನಿಂತುಬಿಟ್ಟಳು. ಆಮೇಲೆ ನನ್ನನ್ನು ಕೈತೊಳೆಯುವ ಜಾಗಕ್ಕೆ ಎಳೆದೊಯ್ದು, ನನ್ನ ಚೀಲದಿಂದ ಕೈಗೆ ಸಿಕ್ಕಿದ ಕಾಗದ ತೆಗೆದು ಅದರ ಬೆನ್ನಿಗೆ ಎಲೆಗಳ ಸಾಲು ಬರೆದಳು.

"ನೋಡು ವಿನೂ. ನಮ್ಮ ಬೇಸಿಕ್ ನಿನ್ ಥರ. ಮದುರೈಯ ಹನ್ನೆರಡು ತಿಂಗಳೂ ಇಟ್ಟು ಆಮೇಲೆ ಕಡಲೂರಿಗೆ ಹೋಗತ್ತೆ. ಫೋರ್‌ಟ್ರಾನ್ ನನ್ ಥರ, ಎಲ್ಲಾ ಊರಿನ ಜನವರಿ ಮೊದ್ಲು. ಇಟ್ಟಿದ್ದು ಅದೇ ಮಳೆ, ಎತ್ಕೊಂಡಿದ್ದು ಬೇರೆ ಸಾಲಲ್ಲಿ. ಮೊದ್ಲು ಎಲ್ಲಾ ಮನೆಗೂ ಒಂದೇ ಸಂಖ್ಯೆ ತುಂಬಿದ್ನಲ್ಲ, ಎಲ್ಲಾ ಎಲೆಗೂ ಉಪ್ಪೊಂದೇ ಬಡಿಸಿದ್ರೆ ತಪ್ಪು ಹೇಗೆ ಗೊತ್ತಾಗ್ಬೇಕು?"

ಆ ಕಾಗದ ನಾನು ತುಂಬಿದ ಅರ್ಜಿ. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಅರಳಿದ ಮುಖ ನೋಡಿ, ಹಿಡಿಕೆಪಾತ್ರೆ ಎತ್ತಿಕೊಂಡು ಪಂಕ್ತಿಗೆ ಮರಳಿದೆ. ಎಷ್ಟೋ ದಿನದ ಮೇಲೆ ಅವಳು ಅಂದು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಸೋಮವಾರ ಬೇಸಿಕ್‌ನಲ್ಲಿ ಊರು ಮತ್ತು ತಿಂಗಳನ್ನು ಅದಲು ಬದಲು ಮಾಡಿ ತುಂಬಿದಳು. ಮದುರೈ ಒಣಗಿತು, ಕಡಲೂರು ನೆನೆಯಿತು. ವಿಶ್ವನಾಥರು ಹಳೆಯ ವರದಿಯ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದರು.

"ಫೋರ್‌ಟ್ರಾನ್‌ನಲ್ಲಿ ಏನು ಬದಲಾಯಿಸಿದ್ರಿ?"

"ಒಂದಕ್ಷರವೂ ಇಲ್ಲ ಸಾರ್."

ಸಂಜೆ ಮನೆಗೆ ಬಂದವಳನ್ನು ಅರ್ಜಿ ಎಲ್ಲಿ ಎಂದು ಕೇಳಿದೆ. ಬೇಸಿಕ್ ಬರೆಯುವ ನಾಲ್ವರಿಗೂ ನಾಳೆಯಿಂದ ಅವಳೇ ಪಾಠ ಹೇಳಬೇಕಂತೆ, ಎಲೆಗಳ ಸಾಲು ಕಾಣುವಂತೆ ಆ ಕಾಗದವನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳಂತೆ.

"ನಾಲ್ಕು ಮೂಲೆಗೂ ಗೋಂದು ಹಚ್ಚಿದೀನಿ," ಎಂದಳು. "ಇನ್ನು ತೆಗೆಯೋಕ್ಕಾಗಲ್ಲ."